ತಾರೀಖು ಹಾಕದ ಎರಡನೇ ಕಾಗದ

ಮಾವ,

ಕಾಗದದ ಮೇಲ್ಗಡೆ ‘ವಿಷಯ’ ಎಂದು ಬರೆಯದೆ ಕೊಟ್ಟರೆ ನೀವು ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಮೊದಲು ಅದನ್ನು ಬರೆದುಬಿಡುತ್ತೇನೆ. ವಿಷಯ: ನಿಮ್ಮ ಕಿರಿಯ ಮಗ ಮಂಜುನಾಥನನ್ನು ಪಕ್ಷದಿಂದ ಉಚ್ಚಾಟಿಸಿದ ಬಗ್ಗೆ. ಆ ಕಾಗದ ಟೈಪು ಮಾಡಿದವಳು ನಿಮ್ಮ ಸೊಸೆ ಜಯ, ಅಂದರೆ ನಾನೇ. ಕೋಪ ಬಂದರೂ ಪೂರ್ತಿ ಓದಿ. ಅರ್ಧ ಓದಿ ಕನ್ನಡಕ ತೆಗೆದಿಡುವುದು ನಿಮ್ಮ ಹಳೇ ಚಾಳಿ.

ಮದುವೆಯಾಗಿ ಇನ್ನೂ ಮೂರೇ ವಾರ ಆಗಿತ್ತು. ನಾನು ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು, “ನಿಂಗೆ ಟೈಪಿಂಗ್ ಬತ್ತದಂತಲ್ಲಮ್ಮ?” ಎಂದಿರಿ. ಅತ್ತೆ ಒಲೆ ಬಿಟ್ಟು ಎದ್ದೇಬಿಟ್ಟರು. “ಹೊಸ ಸೊಸೇನ ಪಾಲ್ಟಿ ಆಫೀಸ್ಗೆ ಕರ್ಕಂಡೋಯ್ತೀರಾ? ನೋಡ್ದೋರು ಏನಂದಾರು?” ನೀವು ನನ್ನ ಕೈಗೆ ಕೊಡೆ ಕೊಟ್ಟಿರಿ. ಮಧುಗಿರಿಯ ಗೊಬ್ಬರದ ಅಂಗಡಿಯ ಮೇಲಿನ ಆ ಆಫೀಸು, ಬೆಟ್ಟದ ಕಡೆಯ ಕಿಟಕಿ, ‘ಳ’ ಅಕ್ಷರ ಅಂಟಿಕೊಳ್ಳುತ್ತಿದ್ದ ಟೈಪ್‌ರೈಟರು. ಉಪವಿಭಾಗ ಘಟಕದ ಕಾರ್ಯದರ್ಶಿ ಅಂದರೆ ನಾಲ್ಕು ತಾಲ್ಲೂಕಿಗೆ ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ನೀವು ಮೊದಲು ಮಾಡಿದ ಕೆಲಸ ಕಸ ಗುಡಿಸಿದ್ದು.

ಆ ದಿನ ಪಕ್ಷದಿಂದ ಹೊರಗೆ ಹೋಗಬೇಕಿದ್ದವರು ಕೊರಟಗೆರೆ ಕಡೆಯ ಒಬ್ಬ ಮುಖಂಡರು. ಶಾಲೆಯ ಮಕ್ಕಳಿಗೆಂದು ಬಂದ ಸೈಕಲ್ಲುಗಳು ಅವರ ನೆಂಟರಿಷ್ಟರ ಮನೆಗಳ ಮುಂದೆ ನಿಂತಿದ್ದವು. ನೀವು ಹೇಳಿದಂತೆ ಟೈಪು ಮಾಡಿದೆ. ‘ಪಕ್ಷಕ್ಕೆ ಮುಜುಗರ ಉಂಟುಮಾಡಿದ ಕಾರಣ ಉಚ್ಚಾಟಿಸಲಾಗಿದೆ.’ ಸೈಕಲ್ಲಿನ ಮಾತೇ ಇಲ್ಲ. ಹಾಳೆ ತೆಗೆಯುವಷ್ಟರಲ್ಲಿ ನೀವು ಇನ್ನೊಂದು ಹಾಳೆ ಮುಂದಿಟ್ಟಿರಿ. ‘ಪಶ್ಚಾತ್ತಾಪ ವ್ಯಕ್ತಪಡಿಸಿರುವ ಕಾರಣ ಮರಳಿ ಸೇರಿಸಿಕೊಳ್ಳಲಾಗಿದೆ.’ ತಾರೀಖಿನ ಜಾಗ ಖಾಲಿ. ನಾನು ಹೊಸಬಳು, ಬಾಯಿ ಸುಮ್ಮನಿರಲಿಲ್ಲ. “ಇವರು ಪಶ್ಚಾತ್ತಾಪ ಯಾವಾಗ ಪಟ್ರು ಮಾವ?” ಎಂದೆ. “ಇನ್ನು ಪಡ್ತಾರೆ ಕಣಮ್ಮ. ಆಮೇಲೆ ಅರ್ಜೆಂಟಾಗಿ ಬೇಕಾಯ್ತದೆ, ಈಗ್ಲೇ ಹೊಡ್ದಿಟ್ಟಿರು,” ಎಂದಿರಿ. ಆ ಎರಡನೇ ಕಾಗದಗಳಿಗೆಲ್ಲ ಒಂದು ಹಸಿರು ಫೈಲು ಇತ್ತು. ಹೋದವರೆಲ್ಲ ಬರುವ ಜಾಗ ಎಂದು ನೀವೇ ಅದಕ್ಕೆ ‘ತವರು ಫೈಲು’ ಎಂದು ಹೆಸರಿಟ್ಟಿದ್ದಿರಿ.

ತಾವರೆಕೆರೆ ಕಡೆಯವರೊಬ್ಬರಿಗೆ ನಾನು ಎರಡೂ ಕಾಗದವನ್ನು ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿಬಿಟ್ಟಿದ್ದು ನಿಮಗೆ ನೆನಪಿರಬೇಕು. ಮರೆಯಲು ಹೇಗೆ ಸಾಧ್ಯ? ಆ ಮನುಷ್ಯ ಮಾರನೆಯ ದಿನ ಮೈಸೂರುಪಾಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. “ಏನಮ್ಮಣ್ಣಿ, ಎಲ್ಡೂ ಒಟ್ಗೇ ಬಂದ್ಬುಟ್ಟವಲ್ಲ, ಯಾವ್ದ ಮೊದ್ಲು ಓದ್ಕಳ್ಲಿ?” ಆಫೀಸೆಲ್ಲ ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕಿರಿ. ಆದರೆ ಮೈಸೂರುಪಾಕು ತೆಗೆದುಕೊಳ್ಳಲಿಲ್ಲ, ಆ ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ. ನನ್ನನ್ನು ಬೈಯುತ್ತೀರೆಂದು ಸಂಜೆಯವರೆಗೂ ಕಾದೆ. ಬೈದಿದ್ದರೆ ಚೆನ್ನಾಗಿತ್ತು ಮಾವ.

ಬುಕ್ಕಾಪಟ್ಟಣದ ಸಭೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಧೈರ್ಯ ಮಾಡಿ ಕೇಳಿದೆ. ನೀವು ಯಾರ ಮನೆಯ ಕಾಫಿಗೂ ಆಸೆಪಟ್ಟವರಲ್ಲ, ಅರ್ಜಿ ತಂದವರಿಂದ ಒಂದು ಎಲೆ ಅಡಿಕೆ ಮುಟ್ಟಿದವರಲ್ಲ, ನೀವು ಯಾಕೆ ಆ ಎರಡನೇ ಕಾಗದ ಬರೆಸುತ್ತೀರಿ? ಕಿಟಕಿಯಾಚೆಯ ಜಾಲಿಮರಗಳನ್ನು ನೋಡುತ್ತಾ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ. “ಒಂದ್ಸಲ ಬರೀದೆ ನೋಡ್ದೆ ಕಣಮ್ಮ. ಕಳ್ಳ ಅಂತ ನಾವು ಆಚೆಗಾಕುದ್ವಿ, ಆ ಕಡೆಯೋರು ಹಾರ ಹಾಕಿ ಕರ್ಕಂಡ್ರು. ಅಲ್ಲಿಗೋದ್ಮೇಲೆ ಅವ್ನು ಒಳ್ಳೇವ್ನಾಗ್ಬುಟ್ಟ, ಗೆದ್ದೂಬುಟ್ಟ. ಸೋತಿದ್ದು ನನ್ನಿಂದ ಅಂತ ನಮ್ಮೋರೇ ಅಂದ್ರು. ನಷ್ಟ ಯಾರಿಗಾಯ್ತು ಹೇಳು?” ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಸೈಕಲ್ಲು ಬರದೆ ನಡೆದುಕೊಂಡು ಶಾಲೆಗೆ ಹೋದ ಮಕ್ಕಳಿಗೆ ಎನ್ನಬಹುದಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೀವು ನನ್ನ ಕೈ ಹಿಡಿದುಕೊಂಡು, “ಜಯಮ್ಮ, ಆ ತವರು ಫೈಲ್ನ...” ಎಂದಿರಿ. ಅಷ್ಟರಲ್ಲಿ ನರ್ಸು ಬಂದು ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತಿದಳು. ಆಮೇಲೆ ನಿಮಗೆ ನಿದ್ದೆ. ಮಾರನೆಯ ಬೆಳಿಗ್ಗೆ ನೀವು ಇರಲಿಲ್ಲ. ಫೈಲನ್ನ ಏನು ಮಾಡು ಎಂದಿದ್ದಿರಿ? ಜೋಪಾನವಾಗಿ ಇಡು ಎಂದೋ? ಒಲೆಗೆ ಹಾಕು ಎಂದೋ? ನಿಮ್ಮ ತಿಥಿಯ ದಿನ ಎಡೆ ಮುಂದೆ ಕೂತಾಗಲೂ ನನಗೆ ಇದೇ ಯೋಚನೆ. ನಿಮ್ಮ ಜಾಗಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡಿದರು, ಟೈಪ್‌ರೈಟರಿನ ಬದಲು ಕಂಪ್ಯೂಟರು ಬಂತು, ಹಸಿರು ಫೈಲು ಮಾತ್ರ ಹಾಗೇ ದಪ್ಪವಾಗುತ್ತಾ ಹೋಯಿತು. ಹೌದು ಮಾವ, ನಾನೂ ಹೊಡೆದಿಟ್ಟಿದ್ದೇನೆ. ಸುಳ್ಳು ಹೇಳಲಾರೆ.

ಹೋದ ಮಾಘದಲ್ಲಿ ಒಂದು ದಿನ ಹನುಮಕ್ಕ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ನಮ್ಮೂರ ಕಾಲೊನಿಯ ಹನುಮಕ್ಕ, ಅಂಗನವಾಡಿ ಸಹಾಯಕಿ, ಮನೆಯಲ್ಲಿ ಬುದ್ಧನ ಪಟಕ್ಕೆ ದಿನಾ ಕಣಗಿಲೆ ಹೂ ಇಡುವವರು. ನಮ್ಮ ಹೋಬಳಿ ಪುರವರದಿಂದ ಬಸ್ಸು ಸಿಗದೆ ಗೂಡ್ಸ್ ಆಟೋದಲ್ಲಿ ಬಂದಿದ್ದರು, ಸೀರೆಯೆಲ್ಲ ಧೂಳು. ಕೂರಿ ಎಂದರೂ ಕೂರಲಿಲ್ಲ. “ಜಯಮ್ಮ, ಬೋರು ನಮ್ ಹೆಸ್ರಾಗೈತೆ, ನೀರು ನಿಮ್ ಮಂಜಣ್ಣನ ದಾಳಿಂಬ್ರೆ ಗಿಡಕ್ಕೋಯ್ತೈತೆ. ಪಂಚಾಯ್ತೀಲಿ ಯೋಳುದ್ವಿ, ಆಯ್ತು ನೋಡಾವ ಅಂದ್ರು. ನೀನೂ ನೋಡಾವ ಅಂದ್ರೆ ನಾನು ಇನ್ನ ಎಲ್ಲಿಗೋಗ್ಲಿ?” ಎಂದರು. ನಾನು ನೋಡೋಣ ಎನ್ನಲು ಬಾಯಿ ತೆರೆದಿದ್ದೆ ಮಾವ. ಮುಚ್ಚಿಕೊಂಡು ಅವರ ಜೊತೆ ಹೊರಟೆ.

ಮಂಜು ತೋಟ ಮಾಡಿದ್ದು ನೀವು ಹೋದ ಮೇಲೆ, ನೀವು ಅದನ್ನು ನೋಡಿಲ್ಲ. ಚೆನ್ನಾಗಿದೆ, ಅದು ಸುಳ್ಳಲ್ಲ. ದಾಳಿಂಬೆಗೆ ಬಿಸಿಲು ತಾಗದಂತೆ ಎಲ್ಲರೂ ಹಳೇ ಸೀರೆ ಹೊದಿಸಿದರೆ, ನಿಮ್ಮ ಮಗ ಎಲೆಕ್ಷನ್ನಿನಲ್ಲಿ ಉಳಿದ ಪಕ್ಷದ ಶಾಲುಗಳನ್ನು ಹೊದಿಸಿದ್ದ. ಸಾಲು ಸಾಲು ಗಿಡಗಳು ಶಾಲು ಹೊದ್ದು ನಿಂತಿದ್ದವು, ನಮ್ಮ ಸಭೆಗಳಿಗೂ ಅಷ್ಟು ಜನ ಬಂದಿಲ್ಲ. ನಗು ಬಂತು. ಆಮೇಲೆ ಬೇಲಿಯೊಳಗಿನ ಮೋಟಾರಿನ ಡಬ್ಬಿ ಕಂಡಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಕಾಲೊನಿ ಕುಡಿಯುವ ನೀರು’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಳಿಸುವಷ್ಟು ಹೆದರಿಕೆಯೂ ಅವನಿಗೆ ಇರಲಿಲ್ಲ. ಪಂಚಾಯ್ತಿ ಸದಸ್ಯ, ಹೋಬಳಿ ಘಟಕದ ಅಧ್ಯಕ್ಷ, ಕಾರ್ಯದರ್ಶಿಯ ಮೈದುನ, ಅವನನ್ನು ಕೇಳುವವರು ಯಾರು? ಕಾಲೊನಿಯ ಹೆಂಗಸರು ಮುಕ್ಕಾಲು ಮೈಲಿ ದೂರದ ಕೈಪಂಪಿಗೆ ಹೋಗುತ್ತಿದ್ದರು. ನನಗೆ ನಾಚಿಕೆಯಾಯಿತು, ಹನುಮಕ್ಕನ ಮುಖ ನೋಡಲಾಗದಷ್ಟು.

ಆಫೀಸಿನ ಸಭೆಯಲ್ಲಿ ನಾನು ಇದನ್ನು ಎತ್ತಿದಾಗ ನಮ್ಮ ಘಟಕದ ಅಧ್ಯಕ್ಷರು ಎಂದಿನಂತೆ ಎರಡು ಬೆರಳು ತೋರಿಸಿದರು. “ಎಲ್ಡು ಹೊಡ್ದಿಟ್ಬುಡಮ್ಮ. ಜಿಲ್ಲೆಯೋರ್ಗೆ ನಾನು ಯೋಳ್ತೀನಿ. ಎಲೆಕ್ಷನ್ ಹತ್ರ ಬಂತು, ಆಮೇಲೆ ಒಳಕ್ಕೆ ತಕಂಡ್ರಾಯ್ತು.” ನಿಮ್ಮ ಮಗ ಎನ್ನುವ ಮರ್ಯಾದೆ ಅದು, ಪಾಪ, ಅವರು ಕೆಟ್ಟವರಲ್ಲ. ಎಲ್ಲರೂ ತಲೆಯಾಡಿಸಿದರು. ಪಾವಗಡದಿಂದ ಬಂದಿದ್ದ ನರಸಿಂಹಪ್ಪ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿದ. ನಿಮಗೆ ಅವನ ಪರಿಚಯವಿಲ್ಲ, ನಮ್ಮ ಕಡೆಯ ಹೊಸ ಹುರುಪು, ಅರ್ಧ ತೆಲುಗು. “ಏಮಕ್ಕಾ, ಹೋದ ತಿಂಗ್ಳು ನಮ್ಮೂರಾಗೆ ಎಂಡೇಲಿ, ಆ ಬಿಸ್ಲಾಗೆ ನಿಂತ್ಕಂಡು ಏನು ಕೂಗುದ್ವಿ, ಮರಸಿಪೋಯ್ರಾ, ಮರ್ತ್ಬುಟ್ರಾ?” ಎಂದು ನನ್ನನ್ನೇ ಕೇಳಿದ.

ಅದರ ಹಿಂದಿನ ತಿಂಗಳು ಪಾವಗಡದಲ್ಲಿ ಏನಾಗಿತ್ತೆಂದರೆ, ಎದುರು ಪಕ್ಷದ ಒಬ್ಬ ಊರ ಟ್ಯಾಂಕಿನ ಪೈಪನ್ನು ತನ್ನ ಮನೆಗೆ ತಿರುಗಿಸಿಕೊಂಡಿದ್ದ. ನಾವೆಲ್ಲ ಹೋಗಿ ಬಿಸಿಲಲ್ಲಿ ಧಿಕ್ಕಾರ ಕೂಗಿದ್ದೆವು. ಕರಪತ್ರ ಬರೆದವಳು ನಾನೇ, ಬಹಳ ಖಾರವಾಗಿ ಬರೆದಿದ್ದೆ. ಆ ಪಕ್ಷಕ್ಕೆ ಮಾನ ಇದ್ದರೆ ಇಂಥವನನ್ನು ಹೊರಹಾಕಲಿ, ಅವನು ಮಾಡಿದ್ದೇನು ಎಂದು ಮೋಸಹೋದ ಜನರ ಮುಂದೆಯೇ ಓದಲಿ, ಕದ್ದ ನೀರು ವಾಪಸು ಕೊಡಿಸಲಿ, ಆ ಜನ ಒಪ್ಪುವವರೆಗೆ ಅವನನ್ನು ಮತ್ತೆ ಸೇರಿಸಿಕೊಳ್ಳದಿರಲಿ ಎಂದು. ಅಧ್ಯಕ್ಷರು ಮೈಕಿನಲ್ಲಿ ಅದನ್ನು ಎರಡು ಸಲ ಓದಿದ್ದರು. ನರಸಿಂಹಪ್ಪ ಕೇಳಿದ್ದು ಇದನ್ನೇ. ನಾಳೆ ಕಾಗದ ತರುತ್ತೇನೆ ಎಂದು ನಾನು ಎದ್ದೆ. ಒಂದೋ ಎರಡೋ ಎಂದು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದಾಗ ಮಂಜು ಆಗಲೇ ಬಂದು ಜಗಲಿಯ ಮೇಲೆ ಕೂತಿದ್ದ. ನಿಮ್ಮ ಹಿರಿಯ ಮಗನ, ಅಂದರೆ ನನ್ನ ಯಜಮಾನರ ಅಭಿಪ್ರಾಯ ಕೇಳೋಣವೆಂದರೆ ಅವರು ಕೊರಟಗೆರೆ ಶಾಲೆಯಿಂದ ತಂದ ಉತ್ತರಪತ್ರಿಕೆಗಳಲ್ಲಿ ಮುಖ ಮುಚ್ಚಿಕೊಂಡಿದ್ದರು. “ನಾನು ಸರ್ಕಾರಿ ನೌಕರ, ನನ್ನ ಕೇಳ್ಬೇಡ,” ಎಂದರು. ಇಪ್ಪತ್ತು ವರ್ಷದಿಂದ ಮನೆಯ ಉಪ್ಪು ಹುಳಿ ಕೇಳಿದರೂ ಇದೇ ಉತ್ತರ. ಮಂಜು ಜೋರು ಮಾಡಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. “ಅತ್ತಿಗೆ, ಎಲ್ಡು ಹೊಡೀತೀಯ ಅಲ್ವಾ? ಅಪ್ಪ ಇದ್ದಿದ್ರೆ ಹೊಡೀತಿದ್ರು,” ಎಂದ. ಇವನಿಗೆ ನಾನು ಜ್ವರದಲ್ಲಿ ಗಂಜಿ ಕುಡಿಸಿದ್ದೇನೆ, ಇವನ ಮದುವೆಗೆ ನಾನೇ ಹೆಣ್ಣು ನೋಡಿದ್ದೇನೆ. ಏನು ಹೇಳಲಿ? ನೀವಿದ್ದಿದ್ದರೆ ಹೊಡೆಯುತ್ತಿದ್ದಿರಾ ಮಾವ? ಹೊಡೆಯುತ್ತಿದ್ದಿರಿ, ಊಟ ಬಿಟ್ಟು...

ಒಳಗಿನಿಂದ ಮುದ್ದೆ ಕೋಲು ಹಿಡಿದುಕೊಂಡೇ ಅತ್ತೆ ಬಂದರು. ಈಗ ಬರೆಯುವುದನ್ನು ನೀವು ಬದುಕಿದ್ದಾಗ ಕೇಳಿಲ್ಲ, ಕೇಳಿಸಿಕೊಳ್ಳಿ. “ನಿಮ್ಮಪ್ಪ ಏನು ಮಾಡ್ತಿದ್ರು ಅಂತ ನಂಗೂ ಗೊತ್ತು ಕಣ್ಲಾ. ಹಿಂಗೆ ಆಚೆಗಾಕಿ ಹಂಗೆ ಒಳಕ್ಕೆ ಕರ್ದೋರ್ನೆಲ್ಲ ಮನೆಗೆ ಕರ್ಕಂಬಂದು ಕಾಪಿ ಕೊಡು ಅನ್ನೋರು. ಕೊಟ್ಟೆ. ಹಿತ್ಲಲ್ಲಿ ಆ ಲೋಟ ತೊಳ್ಯೋವಾಗ ಎಷ್ಟು ಬೈಕಂಡಿವ್ನಿ ಅಂತ ಆ ಮನುಷ್ಯಂಗೂ ಗೊತ್ತಿರ್ಲಿಲ್ಲ. ಈಗ ನಿನ್ನ ಲೋಟಾನೂ ಹಂಗೇ ತೊಳೀಲೇನ್ಲಾ?” ಅತ್ತೆ ನನ್ನ ಕಡೆ ತಿರುಗಿ, “ಒಂದೇ ಹೊಡಿ ಜಯಮ್ಮ,” ಎಂದರು. ಎಂದವರು ಒಳಗೆ ಹೋಗಿ ಮಗನ ತಟ್ಟೆಗೆ ಮುದ್ದೆ ಹಾಕಿ, ಸಾರಿಗೆ ಇನ್ನೊಂದು ಸೌಟು ಜಾಸ್ತಿ ಬಿಟ್ಟು, ಊಟಕ್ಕೆ ಕೂಗಿದರು. ಅವನು ಉಂಡ. ಅಳುತ್ತಿದ್ದನೋ ಸಾರು ಖಾರವೋ, ಮೂಗು ಒರೆಸಿಕೊಳ್ಳುತ್ತಾ ಉಂಡ.

ಮಾರನೆಯ ಬೆಳಿಗ್ಗೆ ಕಂಪ್ಯೂಟರು ತೆರೆದು ಕೂತೆ. ಹೊಸದಾಗಿ ಏನನ್ನೂ ಬರೆಯಲಿಲ್ಲ ಮಾವ. ಪಾವಗಡದ ಆ ಕರಪತ್ರವನ್ನೇ ತೆಗೆದೆ. ಎದುರು ಪಕ್ಷದ ಹೆಸರಿದ್ದ ಕಡೆ ನಮ್ಮ ಪಕ್ಷದ ಹೆಸರು, ಅವರ ಮನುಷ್ಯನ ಹೆಸರಿದ್ದ ಕಡೆ ಮಂಜುನಾಥ, ಪೈಪಿನ ಬದಲು ಬೋರು. ಉಳಿದದ್ದೆಲ್ಲ ಇದ್ದಂತೆ ಸರಿಹೋಯಿತು. ‘ಮುಜುಗರ’ ಎನ್ನುವ ಪದ ಎಲ್ಲೂ ಇರಲಿಲ್ಲ, ‘ಕುಡಿಯುವ ನೀರು ಕದ್ದಿದ್ದಾರೆ’ ಎಂದೇ ಇತ್ತು. ‘ಮಂಜುನಾಥ’ ಎಂದು ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಅಧ್ಯಕ್ಷರು ಓದುತ್ತಾ ಅರ್ಧಕ್ಕೆ ನಿಂತರು. “ಇದನ್ನ ಎಲ್ಲೋ ಓದಿದ್ದೀನಲ್ಲಮ್ಮ?” ಎಂದರು. “ನೀವೇ ಮೈಕಲ್ಲಿ ಓದಿದ್ದು,” ಎಂದೆ. ಅವರು ಮೊದಲಿಂದ ಮತ್ತೊಮ್ಮೆ ಓದಿ, ನನ್ನ ಹತ್ತಿರವೇ ಪೆನ್ನು ಕೇಳಿ ಸಹಿ ಹಾಕಿದರು. ಜಿಲ್ಲೆಯವರು ಫೋನಿನಲ್ಲಿ ಇದೇನ್ರೀ ಹೊಸ ಪದ್ಧತಿ ಎಂದರು, ಬೇಡ ಎನ್ನಲಿಲ್ಲ. ಅದಕ್ಕೆ ನರಸಿಂಹಪ್ಪ ಮೊದಲೇ ನಾಲ್ಕು ಕಡೆ ಸುದ್ದಿ ಹಬ್ಬಿಸಿಬಿಟ್ಟಿದ್ದೂ ಕಾರಣವಿರಬಹುದು.

ಕಾಲೊನಿಯಲ್ಲಿ ಓದಿದ ದಿನ ಬೇವಿನಮರದ ಕೆಳಗೆ ಎಲ್ಲರೂ ಸೇರಿದ್ದರು. ಮಂಜು ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ದೂರದಲ್ಲಿ ಬೈಕಿನ ಪಕ್ಕ ನಿಂತ. ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಲ್ಲ ಮುಗಿದ ಮೇಲೆ ಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಲೇ ಮಂಜ, ನಾಡಿದ್ದು ಪೈಪ್ ಹೂಳ್ತೀವಿ. ಬತ್ತೀಯೇನ್ಲಾ?” ಎಂದು ಕೂಗಿ ಕೇಳಿದರು. ಅವನು ಹುಟ್ಟಿದಾಗಿನಿಂದ ಅವರು ಅವನನ್ನು ‘ಮಂಜಣ್ಣ’ ಎಂದೇ ಕರೆದದ್ದು, ಕೈಗೂಸಾಗಿದ್ದಾಗಲೂ. ಅವತ್ತೇ ಮೊದಲು ‘ಲೇ’. ಅವನು ಬೈಕು ಹತ್ತಿ ಹೋದ. ಹೇಳಿದ ದಿನ ಗುದ್ದಲಿ ಹಿಡಿದು ಬಂದ.

ನಿಮ್ಮ ಹೆದರಿಕೆಯೂ ನಿಜವಾಯಿತು, ಅದನ್ನೂ ಹೇಳಬೇಕು. ವಾರದೊಳಗೆ ಎದುರು ಪಕ್ಷದವರು ಎರಡು ಕಾರಿನಲ್ಲಿ ಬಂದರು, ಹಾರ, ಶಾಲು, ಪೇಟ ಎಲ್ಲ ತಂದಿದ್ದರು. ಜಗಲಿಯಲ್ಲಿ ಮಂಜುವಿನ ಜೊತೆ ಬಹಳ ಹೊತ್ತು ಪಿಸುಮಾತು. ಅತ್ತೆ ಒಳಗಿನಿಂದ ಕಾಫಿ ಕಳಿಸಲೇ ಇಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ, ಅವನು ಆ ಕಡೆಗೆ ಹೋಗಿಬಿಟ್ಟರೆ ತೋಟಕ್ಕೆ ಮತ್ತೆ ನೀರು ತಿರುಗುತ್ತದೆ, ಹನುಮಕ್ಕನಿಗೆ ನಾನು ಯಾವ ಮುಖ ತೋರಿಸಲಿ? ಕೊನೆಗೆ ಮಂಜು, “ಈಗ ಬ್ಯಾಡ ಬುಡಿ ಅಣ್ಣ,” ಎಂದಿದ್ದು ಕೇಳಿಸಿತು. ಅಮ್ಮನಿಗೆ ಹೆದರಿಯೋ, ಹನುಮಕ್ಕನ ‘ಲೇ’ಗೋ, ಇಲ್ಲ ಅವನೊಳಗೆ ನೀವು ಇನ್ನೂ ಒಂದು ಕಡೆ ಕೂತಿದ್ದೀರೋ, ನಾನು ಕೇಳಿಲ್ಲ. ಕೇಳಿದರೆ ಹಾಳಾಗುತ್ತದೆ ಅನ್ನಿಸಿತು. ಹಾರವನ್ನು ಬಂದವರೇ ವಾಪಸು ಒಯ್ದರು.

ಎರಡು ತಿಂಗಳು ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಪಂಚಾಯ್ತಿ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟ. ಅರ್ಧ ದಾಳಿಂಬೆ ಒಣಗಿತು, ಉಳಿದರ್ಧ ಇದೆ. ಯುಗಾದಿ ಕಳೆದ ಮೇಲೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ, ನೀವು ಅವತ್ತು ನಿಂತಿದ್ದ ಜಾಗದಲ್ಲೇ ನಿಂತು, “ಅತ್ತಿಗೆ, ವಾಪಸ್ ಬರಾಕೆ ಏನು ಮಾಡ್ಬೇಕು?” ಎಂದ. ನಾನು ಹೇಳಿದೆ, ಅದು ನನ್ನ ಕೈಯಲ್ಲಿಲ್ಲ, ಆಫೀಸಿನ ಕೈಯಲ್ಲೂ ಇಲ್ಲ, ಕಾಗದದಲ್ಲೇ ಬರೆದಿದೆಯಲ್ಲ, ಕಾಲೊನಿಯವರನ್ನು ಕೇಳು. ಮುಖ ಗಂಟಿಕ್ಕಿಕೊಂಡು ಹೋದ. ಹೋಗಿದ್ದು ಹನುಮಕ್ಕನ ಮನೆಗೇ ಎಂದು ಆಮೇಲೆ ತಿಳಿಯಿತು. ಅಲ್ಲಿ ಅವನು ಏನು ಹೇಳಿದ, ಅವರು ಏನು ಕೇಳಿದರು, ನನಗೆ ಗೊತ್ತಿಲ್ಲ.

ನಿನ್ನೆ ಹನುಮಕ್ಕ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಹೇಳುವ ಮೊದಲೇ ಕೂತರು, ನೀರು ಕೇಳಿ ಕುಡಿದರು. ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ಕೆಳಗೆ ಕಾಲೊನಿಯವರೆಲ್ಲರ ಸಹಿ, ಹೆಬ್ಬೆಟ್ಟು. ಮೇಲೆ ಇಷ್ಟೇ ಬರೆದಿತ್ತು: ‘ಮಂಜುನಾಥ ಬಂದು ತಪ್ಪಾಯಿತು ಎಂದು ಹೇಳಿದ್ದಾನೆ. ನೀರು ಬರುತ್ತಿದೆ. ಪೂರಾ ಒಂದು ಬೇಸಿಗೆ ಹೀಗೇ ಬರಲಿ. ಆಮೇಲೆ ನೋಡೋಣ. ಈಗ ಬೇಡ.’ ಮನೆಗೆ ಒಯ್ದು ಮಂಜುವಿಗೆ ತೋರಿಸಿದೆ. ಎರಡು ಸಲ ಓದಿದ. ಸಿಟ್ಟಾಗುತ್ತಾನೆ ಎಂದು ನಾನೂ ಅತ್ತೆಯೂ ಅಂದುಕೊಂಡಿದ್ದೆವು. “ಆಮೇಲೆ ನೋಡಾವ ಅಂದವ್ರಲ್ಲ, ಸಾಕು ಬುಡು,” ಎಂದು ಹಾಳೆಯನ್ನು ಮಡಿಕೆಯಾಗದಂತೆ ಹಿಡಿದು ನನ್ನ ಕೈಗೆ ಕೊಟ್ಟ. ಎಷ್ಟು ಜನರಿಗೆ ಎರಡನೇ ಕಾಗದ ಕೊಟ್ಟಿದ್ದೇವೆ, ಒಬ್ಬರಾದರೂ ಅದನ್ನು ಹೀಗೆ ಹಿಡಿದುಕೊಂಡಿದ್ದರೇ?

ಇವತ್ತು ಬೆಳಿಗ್ಗೆ ಆಫೀಸಿಗೆ ಬಂದವಳೇ ಹಸಿರು ಫೈಲು ಇಳಿಸಿದೆ. ನೀವು ಬರೆಸಿದ್ದು, ನಾನು ಬರೆದದ್ದು, ತಾರೀಖಿಲ್ಲದ ಕಾಗದಗಳನ್ನೆಲ್ಲ ತೆಗೆದು ಹನುಮಕ್ಕನ ಅಂಗನವಾಡಿಗೆ ಕಳಿಸಿದೆ. ಹಿಂದೆ ಖಾಲಿ ಇದೆ, ಮಕ್ಕಳು ಚಿತ್ರ ಬರೆಯಲಿ. ಆಸ್ಪತ್ರೆಯಲ್ಲಿ ನೀವು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ನಾನು ಹೀಗೆ ಮುಗಿಸಿಕೊಂಡಿದ್ದೇನೆ. ತಪ್ಪಾಗಿದ್ದರೆ ಅಲ್ಲಿಗೆ ಬಂದಾಗ ಬೈಯುವಿರಂತೆ, ಆ ಲಕೋಟೆಯ ಸಲ ಉಳಿಸಿಕೊಂಡ ಬೈಗುಳವನ್ನೂ ಸೇರಿಸಿ. ಫೈಲು ಮಾತ್ರ ಬಿಸಾಡಲಿಲ್ಲ. ಹನುಮಕ್ಕ ತಂದ ಹಾಳೆಯನ್ನು ಅದರಲ್ಲಿ ಇಟ್ಟೆ. ಇಡುವಾಗ ನೋಡಿದೆ, ಮೇಲೆ ಬಲಗಡೆ ಮೂಲೆಯಲ್ಲಿ, ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ದಿನಾ ಬರೆಯುವ ಅದೇ ಉರುಟು ಅಕ್ಷರದಲ್ಲಿ, ಅವರು ತಾರೀಖು ಹಾಕಿದ್ದಾರೆ.

ನಿಮ್ಮ ಸೊಸೆ,
ಜಯ